ಏಳನೆಯ ತಲೆ

ಥರ್ಮೊಕೋಲ್ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಲು ಮಂದಾಕಿನಿಗೆ ಮನಸ್ಸಾಗಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಎರಡೂ ಅಂಗೈಗಳನ್ನು ಮುಚ್ಚಳದ ಮೇಲೆ ಊರಿ, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಎರ್ನಾಕುಳಂ ಬಿಟ್ಟಾಗಿನಿಂದ ಪಕ್ಕದ ಸೀಟಿನ ಹೆಂಗಸು ಡಬ್ಬಿಯನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿರುವುದನ್ನು ಮಂದಾಕಿನಿ ಕಿಟಕಿಯ ಗಾಜಿನಲ್ಲಿ ನೋಡುತ್ತಿದ್ದಳು. ಕೊನೆಗೆ ಆ ಹೆಂಗಸು ತಡೆಯಲಾರದೆ, "ಮೀನಾಣೋ?" ಎಂದಳು. ಮೀನೇ, ಎಂದು. ಈ ಸೀಮೆಯಲ್ಲಿ ಥರ್ಮೊಕೋಲ್ ಡಬ್ಬಿ ಹಿಡಿದು ರೈಲು ಹತ್ತಿದವರು ಇನ್ನೇನನ್ನು ತಾನೆ ಒಯ್ಯುತ್ತಾರೆ. ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತದೆ. ಮಂದಾಕಿನಿ ಹೌದು ಎಂದು ತಲೆಯಾಡಿಸಿದಳು. "ಕರಿಮೀನೋ?" ಅದಕ್ಕೂ ತಲೆಯಾಡಿಸಿದಳು. ಜನ್ಮದಲ್ಲಿ ಮೀನು ಮುಟ್ಟಿದವಳಲ್ಲ. ಕೊಚ್ಚಿಯ ಕಲೂರಿನ ಫ್ಲ್ಯಾಟಿನಲ್ಲಿ ಕೆಳಗಿನ ಮನೆಯ ಒಗ್ಗರಣೆ ಏರಿ ಬಂದರೆ ಇವತ್ತಿಗೂ ಕಿಟಕಿ ಹಾಕಿಕೊಳ್ಳುವವಳು. ಹೆಂಗಸಿಗೆ ಖುಷಿಯಾಗಿತ್ತು. ಐಸು ಮೇಲೆ ಮಾತ್ರ ಹಾಕಿದರೆ ಸಾಲದು, ಕೆಳಗೂ ಹಾಕಬೇಕು. ಮತ್ತೆ ಯಾರು ಏನೇ ಹೇಳಲಿ, ತಲೆ ಮಾತ್ರ ತೆಗೆಯಬಾರದು, ತಲೆ ಇದ್ದರೇ ಮೀನು ಮೀನಾಗಿರುವುದು ಎಂದು ವಿವರಿಸಿದಳು. "ಇಲ್ಲ, ತಲೆ ತೆಗೆದಿಲ್ಲ," ಎಂದಳು ಮಂದಾಕಿನಿ, ತನ್ನ ಹರುಕು ಮಲಯಾಳದಲ್ಲಿ. ಹೇಳಿದ ಮೇಲೆ ಒಂದು ಕ್ಷಣ ನಗು ಬಂತು. ಅದನ್ನು ಹಂಚಿಕೊಳ್ಳಲು ಯಾರೂ ಇಲ್ಲವಾದ್ದರಿಂದ ಅದು ಬಂದ ಹಾಗೇ ಹೋಯಿತು.

ಡಬ್ಬಿಯಲ್ಲಿದ್ದದ್ದು ತಲೆಗಳೇ, ಎರಡು; ಉಳಿದವು ಮುಂಚೆಯೇ ಕೊರಿಯರಿನಲ್ಲಿ ಹೋಗಿದ್ದವು. ಹಣೆಯ ಹತ್ತಿರ ಕಿಟಕಿ ಕೊರೆದ ಗಟ್ಟಿ ಬುರುಡೆ, ಅದರೊಳಗೆ ತಂಪಾಗಿಯೇ ಇಡಬೇಕಾದ ಜೆಲ್ಲಿನ ಮಿದುಳು, ಮಿದುಳಿನ ಸಂದಿಯಲ್ಲಿ ಸಿಲಿಕೋನಿನ ರಕ್ತನಾಳಗಳು. ಪಂಪು ಜೋಡಿಸಿ ಕೆಂಪು ನೀರು ಹರಿಸಿದರೆ ನಾಳಗಳು ಮಿಡಿಯುತ್ತವೆ. ಪ್ರತಿ ತಲೆಯಲ್ಲೂ ಎಲ್ಲೋ ಒಂದು ಕಡೆ ನಾಳದ ಗೋಡೆ ಸೋತು, ದಾಸವಾಳದ ಮೊಗ್ಗಿನ ಹಾಗೆ ಒಂದು ಗುಳ್ಳೆ ಉಬ್ಬಿರುತ್ತದೆ. ಒಡೆದರೆ ಮನುಷ್ಯ ಉಳಿಯುವುದು ಕಷ್ಟ. ಒಡೆಯುವ ಮೊದಲೇ ಅದರ ಕುತ್ತಿಗೆಗೆ ಪುಟ್ಟ ಲೋಹದ ಕ್ಲಿಪ್ಪು ಹಾಕಿ ಮುಚ್ಚಬೇಕು. ಹೊಸ ಸರ್ಜನ್‌ಗಳು ಮನುಷ್ಯರ ಮೇಲೆ ಕೈಯಿಡುವ ಮುಂಚೆ ಈ ತಲೆಗಳ ಮೇಲೆ ಕಲಿಯುತ್ತಾರೆ. ಕಳಮಶ್ಶೇರಿಯ ಒಂದು ಶೆಡ್ಡಿನಲ್ಲಿ ಇವನ್ನು ಮಾಡುವ ಚಿಕ್ಕ ಕಂಪನಿಯಲ್ಲಿ ಮಂದಾಕಿನಿ ಪಾಲಿಮರ್ ಕೆಮಿಸ್ಟ್. ರೋಗಿಗಳ ಸ್ಕ್ಯಾನ್‌ಗಳು ಆಸ್ಪತ್ರೆಗಳಿಂದ ಹೆಸರು ಅಳಿಸಿಕೊಂಡು ಬರುತ್ತವೆ, ಇಲ್ಲಿ ಅವಕ್ಕೆ ಒಂದು ಅಂಕಿ ಸಿಗುತ್ತದೆ, ಮಂಗಳೂರಿನ ಹುಡುಗ ಅಲ್ವಿನ್ ಕಂಪ್ಯೂಟರಿನಲ್ಲಿ ಆಕಾರ ಕೊಡುತ್ತಾನೆ, ಮೆತ್ತಗಿನದೆಲ್ಲ ಮಂದಾಕಿನಿಯ ಪಾಲು. ಮಿದುಳಿನ ಹದ ಅವಳ ಹಾಗೆ ಯಾರಿಗೂ ಬರುವುದಿಲ್ಲ ಎಂದು ಡಾಕ್ಟರುಗಳೇ ಒಪ್ಪಿದ್ದರು. ಅಳೆಯುವ ಯಂತ್ರವಿದ್ದರೂ ಅವಳು ಕೊನೆಗೆ ತೋರುಬೆರಳಿನ ತುದಿಯಿಂದ ಒಮ್ಮೆ ಒತ್ತಿ, ಕಣ್ಣು ಮುಚ್ಚಿ, ಸರಿ ಅಥವಾ ಇಲ್ಲ ಎನ್ನುತ್ತಿದ್ದಳು. "ಎಂತದು ಮೇಡಂ ನಿಮ್ಮ ಲೆಕ್ಕ?" ಎಂದು ಅಲ್ವಿನ್ ಕೇಳಿದಾಗ "ಗಿಣ್ಣು" ಎಂದಿದ್ದಳು. "ಗಿಣ್ಣಾ? ಕರು ಹಾಕಿದ ದನದ ಹಾಲಿಂದು ಮಾಡ್ತಾರಲ್ಲ, ಅದಾ? ಥೋ ಮಾರಾಯ್ರೆ, ನಾನು ಇನ್ನು ಗಿಣ್ಣು ತಿನ್ನುದು ಹೇಗೆ?"

ಫೋನು ನಡುಗಿತು. ಮೈಸೂರಿನಿಂದ ತಂಗಿ ಅನಸೂಯಾಳ ಮೆಸೇಜು. ಬೆಳಗಿನಿಂದ ತಲೆನೋವು ಅಕ್ಕ, ಕನ್ನಡಕದ ನಂಬರ್ ಬದಲಾಗಿದೆ ಅನ್ಸುತ್ತೆ. ಮಂದಾಕಿನಿ ಒಂದು ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ ಹೆಬ್ಬೆರಳಿನಿಂದ ಬರೆದಳು: ಮಾತ್ರೆ ತಗೋ. ಕಳಿಸಿದ ಮೇಲೆ ಆ ಎರಡು ಪದಗಳು ಪರದೆಯ ಮೇಲೆ ನಿಂತವು.  ವರ್ಷಗಳ ಹಿಂದೆ ಮೈಸೂರಿನ ಒಂಟಿಕೊಪ್ಪಲಿನ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿ, ಮೊಣಕಾಲ ಮೇಲೆ ಕೆಮಿಸ್ಟ್ರಿ ಪುಸ್ತಕ ಇಟ್ಟುಕೊಂಡು, ಕಣ್ಣೆತ್ತದೆ ಅವಳು ಹೇಳಿದ್ದೂ ಅದೇ ಎರಡು ಪದ. ಅಡುಗೆಮನೆಯಿಂದ ಅಮ್ಮ, "ಯಾಕೋ ತಲೆ ಸಿಡೀತಾ ಇದೆ ಕಣೇ ಮಂದಾ," ಎಂದಿದ್ದಳು. "ಮಾತ್ರೆ ತಗೋ." ಹಾಲಿನವಳು ಅಪರೂಪಕ್ಕೆ ಗಿಣ್ಣುಹಾಲು ತಂದುಕೊಟ್ಟಿದ್ದಳು, ಅಮ್ಮ ಏಲಕ್ಕಿ ಬೆಲ್ಲ ಹಾಕಿ ಹಬೆಗಿಟ್ಟಿದ್ದಳು. ಆಮೇಲೆ ಸುಟ್ಟ ವಾಸನೆ ಬಂದದ್ದು. ಒಲೆ ಉರಿಯುತ್ತಲೇ ಇತ್ತು, ಪಾತ್ರೆಯ ಕೆಳಗಿನ ನೀರು ಬತ್ತಿ ತಳ ಹಿಡಿದಿತ್ತು, ಅಮ್ಮ ಸಿಂಕಿನ ಬುಡದಲ್ಲಿ ಮಗ್ಗುಲಾಗಿ ಮಲಗಿದ್ದಳು. ಜನ ಬಂದರು, ಹೋದರು, ಅಡುಗೆಮನೆಗೆ ಯಾರೂ ಕಾಲಿಡಲಿಲ್ಲ. ಮಾರನೆಯ ದಿನ ಮಂದಾಕಿನಿ ಒಬ್ಬಳೇ ಹೋಗಿ ಪಾತ್ರೆಯ ಮುಚ್ಚಳ ತೆಗೆದಳು. ಗಿಣ್ಣು ಚೆನ್ನಾಗಿ ಕೂತಿತ್ತು. ತೋರುಬೆರಳಿನ ತುದಿಯಿಂದ ಒತ್ತಿದಳು. ತಗ್ಗಾಯಿತು, ಮತ್ತೆ ತಾನಾಗಿ ಮೇಲೆ ಬಂತು.

ಹೋದ ವರ್ಷ ಓಣಂ ರಜೆ ಮುಗಿದ ಮೇಲೆ ಕಂಪನಿಗೆ ಗುಳ್ಳೆಯಿಲ್ಲದ, ನಾರ್ಮಲ್ ಆದ ಒಂದು ತಲೆ ಬೇಕಾಯಿತು. ಸರಿಯಾದದ್ದನ್ನು ಪಕ್ಕದಲ್ಲಿಟ್ಟರೆ ತಾನೆ ಸರಿಯಿಲ್ಲದ್ದು ಕಾಣುವುದು. ಇಂಥದ್ದಕ್ಕೆಲ್ಲ ಕೆಲಸಗಾರರೇ ಸ್ಕ್ಯಾನ್ ಯಂತ್ರದೊಳಗೆ ಮಲಗುವುದು ಅಲ್ಲಿನ ರೂಢಿ. ಬೆನ್ನುಹುರಿಯ ಮಾದರಿಯ ಬೆನ್ನು ಆಫೀಸಿನ ಕಾವಲುಗಾರನದ್ದು. "ನಾನು ಮಲಗುವ ಅಂದ್ರೆ ನನ್ನ ಹಲ್ಲಿಗೆ ಕಂಬಿ ಉಂಟು, ಯಂತ್ರದವ ಬೇಡ ಹೇಳ್ತಾನೆ. ನೀವು ಹೋಗಿ ಮೇಡಂ, ಆ ತಲೆಯಲ್ಲಿ ಎಂತ ಎಲ್ಲ ಉಂಟು ನೋಡುವ," ಎಂದಿದ್ದ ಅಲ್ವಿನ್. ನೋಡಿದವನು ಅವನಲ್ಲ, ಅವನು ಅಂದು ಊರಿಗೆ ಹೋಗಿದ್ದ. ಪರದೆಯ ಮೇಲೆ ನಾಳಗಳನ್ನು ಒಂದೊಂದಾಗಿ ಬಿಡಿಸುತ್ತ ಬಂದ ಮಂದಾಕಿನಿ, ಎರಡು ಕಣ್ಣುಗಳ ಹಿಂದೆ, ಎಡದ ನಾಳಕ್ಕೂ ಬಲದ ನಾಳಕ್ಕೂ ಇರುವ ಚಿಕ್ಕ ಸೇತುವೆಯ ಮೇಲೆ ಅದನ್ನು ಕಂಡಳು. ತನ್ನದೇ ತಲೆ ಎಂದು ಗೊತ್ತಿದ್ದೂ ಅವಳಿಗೆ ಮೊದಲು ಅನ್ನಿಸಿದ್ದು, ಒಳ್ಳೆಯ ಕೇಸು, ಎಂದು. ಆ ಅನ್ನಿಸಿಕೆಗೆ ಅವಳು ಈಗಲೂ ನಾಚುತ್ತಿದ್ದಳು. ಆಮೇಲೆ ಎದ್ದು ಹೋಗಿ ನೀರು ಕುಡಿದದ್ದು, ಮರಳಿ ಬಂದು ಮೌಸಿನಿಂದ ಆ ಗುಳ್ಳೆಯನ್ನು ನಿಧಾನವಾಗಿ ಒರೆಸಿ, ಸುತ್ತಲಿನ ನಾಳದೊಂದಿಗೆ ಸಮ ಮಾಡಿದ್ದು. ಒರೆಸಿದ ತಲೆ ಕಂಪನಿಯ ನಾರ್ಮಲ್ ತಲೆಯಾಯಿತು. ಒರೆಸದ ತಲೆಗೆ ಹೆಸರು ಕಿತ್ತು, ಆಸ್ಪತ್ರೆಯಿಂದ ಬಂದದ್ದೆಂದು ಹೇಳಿ, ಏಳು ಎಂಬ ಅಂಕಿ ಕೊಟ್ಟಳು.

ಕೊಚ್ಚಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ್ದಳು. ಒಳ್ಳೆಯವರು. ಕಾಯಬಹುದು, ಕ್ಲಿಪ್ಪೂ ಹಾಕಿಸಬಹುದು. ಎರಡಕ್ಕೂ ಅಪಾಯವಿದೆ, ನಿಮ್ಮ ನಿರ್ಧಾರ ಎಂದರು. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದರು. ತಾಯಿ ಎಂದಾಗ ಅವರ ಪೆನ್ನು ಒಂದು ಕ್ಷಣ ನಿಂತಿತು. ಒಡಹುಟ್ಟಿದವರಿದ್ದಾರೆಯೆ? ಒಬ್ಬಳು ತಂಗಿ. ಹಾಗಾದರೆ ಅವರೂ ಸ್ಕ್ಯಾನ್ ಮಾಡಿಸಬೇಕು, ತಡ ಮಾಡಬೇಡಿ, ಎಂದರು. ಮಂದಾಕಿನಿ ಸರಿ ಎಂದು ಬಂದಳು. ಅಂದಿನಿಂದ ದಿನಾ ಸಂಜೆ ಅನಸೂಯಾ ಫೋನು ಮಾಡುತ್ತಾಳೆ, ಮಿಕ್ಸಿಯ ಜಾರು, ಗಂಡನ ಗೊರಕೆ, ಕೆಲಸದವಳ ರಜೆ ಎಲ್ಲ ಹೇಳುತ್ತಾಳೆ, ಇವಳು ಹೂಂಗುಟ್ಟುತ್ತಾಳೆ. ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ ಒಂದು ಲೆಕ್ಕ ಅಡ್ಡ ಬರುತ್ತದೆ: ತಂಗಿಗೆ ಹೇಳಬೇಕಾದರೆ ತನ್ನದನ್ನು ಹೇಳಬೇಕು, ತನ್ನದನ್ನು ಹೇಳಿದರೆ ಅಮ್ಮನದ್ದು ಮತ್ತೆ ತೆರೆಯುತ್ತದೆ, ಅದು ತೆರೆದರೆ ಆ ಎರಡು ಪದ. ಅನಸೂಯಾ ಆಗ ಶಾಲೆಯಲ್ಲಿದ್ದಳು, ಅವಳಿಗೆ ಆ ಪದಗಳು ಗೊತ್ತಿಲ್ಲ. ತಾನು ಇನ್ನೂ ನಿರ್ಧರಿಸಿಲ್ಲ, ನಿರ್ಧರಿಸಿದ ಮೇಲೆ ಹೇಳಿದರಾಯಿತು ಎಂದು ಮಂದಾಕಿನಿ ಮುಂದೂಡಿದಳು. ನಿರ್ಧಾರಕ್ಕೆ ಅವಳು ಹುಡುಕಿಕೊಂಡ ದಾರಿ ಇದು: ಏಳನೆಯ ತಲೆಯನ್ನು ತಿರುವನಂತಪುರದ ಕಾರ್ಯಾಗಾರಕ್ಕೆ ಒಯ್ಯುವುದು. ಅಲ್ಲಿ ಯಾರಿಗೂ ಗೊತ್ತಾಗದೆ ತನ್ನ ತಲೆಗೆ ಆಪರೇಷನ್ ಆಗುವುದನ್ನು ಗೋಡೆಗೆ ನಿಂತು ನೋಡುವುದು. ಉಳಿದರೆ ಒಪ್ಪುವುದು.

ಆದರೆ ಕೈ ಮೋಸ ಮಾಡಿತ್ತು. ಮೇಣದಂಥ ಅಚ್ಚಿನ ಮೇಲೆ ಸಿಲಿಕೋನನ್ನು ಕುಂಚದಿಂದ ಪದರ ಪದರವಾಗಿ ಹಚ್ಚಿ, ಆಮೇಲೆ ಅಚ್ಚನ್ನು ನೀರಿನಲ್ಲಿ ಕರಗಿಸಿದರೆ ಟೊಳ್ಳು ನಾಳ ಉಳಿಯುತ್ತದೆ. ಗುಳ್ಳೆಯ ನೆತ್ತಿಗೆ ಎರಡೇ ಪದರ. ನಿಜವಾದದ್ದು ಅಷ್ಟೇ ತೆಳ್ಳಗಿರುವುದು. ಏಳನೆಯದಕ್ಕೆ ಎರಡು ಹಚ್ಚಿ, ಬೆಳಕಿಗೆ ಹಿಡಿದು, ಅದರೊಳಗಿಂದ ಕಿಟಕಿಯ ಸರಳು ಕಂಡದ್ದೇ, ಅವಳಿಗೆ ಅರಿವಾಗುವ ಮೊದಲು ಕುಂಚ ಮತ್ತೊಮ್ಮೆ ಆಡಿತ್ತು. ಚಳಿಗೆ ಮಗುವಿನ ತಲೆಗೆ ಟೊಪ್ಪಿಗೆ ಎಳೆದ ಹಾಗೆ. ಮಾರನೆಯ ದಿನ ನಾಚಿಕೆಯಾಗಿ ಇನ್ನೊಂದು ಮಾಡಿದಳು, ಎರಡೇ ಪದರದ್ದು. ಅದರ ನಾಳದ ಬುಡಕ್ಕೆ ಗುರುತಿಗೆ ಒಂದು ಕೆಂಪು ದಾರ ಕಟ್ಟಿದಳು. ಎರಡೂ ಡಬ್ಬಿಯಲ್ಲಿದ್ದವು. ಯಾವುದನ್ನು ಹೊರಗಿಡುವುದೆಂದು ರೈಲು ಕೊಲ್ಲಂ ದಾಟಿದರೂ ಅವಳಿಗೆ ಗೊತ್ತಿರಲಿಲ್ಲ. ಇಳಿಯುವಾಗ ಪಕ್ಕದ ಹೆಂಗಸು, "ಮೆಣಸು ಜಾಸ್ತಿ ಹಾಕಿ," ಎಂದು ನೆನಪಿಸಿದಳು.

ತಿರುವನಂತಪುರದಲ್ಲಿ ಪಟ್ಟಂ ದಾಟಿ ಆಟೋ ಆಸ್ಪತ್ರೆಯ ಗೇಟಿಗೆ ಬಂದಾಗ ಹೊರರೋಗಿಗಳ ಸಾಲು ಆಗಲೇ ಮರದ ನೆರಳಿನವರೆಗೂ ಬೆಳೆದಿತ್ತು. ಆ ಸಾಲಿನ ಮಧ್ಯಾಹ್ನದ ಒಂದು ಟೋಕನ್ ಅವಳ ಫೋನಿನಲ್ಲೂ ಇತ್ತು, ಅವಳದೇ ಹೆಸರಿನಲ್ಲಿ, ಡಾ. ದಾಮೋದರನ್ ಅವರನ್ನು ಕಾಣಲು. ಹಿಂದಿನ ಕಾರ್ಯಾಗಾರಕ್ಕೆ ಬಂದಾಗಲೂ ಹೀಗೇ ಟೋಕನ್ ತೆಗೆದಿದ್ದಳು. ಸಾಲಿನ ಪಕ್ಕದಲ್ಲೇ ಹಾದು, ಯಾರೋ ಪರಿಚಯದವರನ್ನು ತಪ್ಪಿಸಿಕೊಳ್ಳುವವಳ ಹಾಗೆ ಮುಖ ತಿರುಗಿಸಿ ರೈಲಿಗೆ ಹೋಗಿದ್ದಳು.

ಮೇಲಂತಸ್ತಿನ ಹಾಲ್‌ನಲ್ಲಿ ಮೇಜುಗಳ ಮೇಲೆ ಮೈಕ್ರೋಸ್ಕೋಪುಗಳು, ಗೋಡೆಯ ಮೇಲೆ ದೊಡ್ಡ ಪರದೆ. ಮಂದಾಕಿನಿ ತಲೆಗಳನ್ನು ಹೊರತೆಗೆದು ಪಂಪು ಜೋಡಿಸತೊಡಗಿದಳು. ಏಳನೆಯ ಜಾಗ ಬಂದಾಗ ದಾರವಿಲ್ಲದ್ದನ್ನು ಇಟ್ಟಳು. ದಾರ ಕಟ್ಟಿದ್ದು ಐಸಿನ ಚೀಲಗಳ ನಡುವೆ ಉಳಿಯಿತು. ಋತ್ವಿಕ್ ಎಂಬ ಚುರುಕಾದ ಹುಡುಗ ಖಾಲಿ ಕಾಫಿ ಕಪ್ಪನ್ನು ಅವಳ ಕಡೆ ಚಾಚಿ, "ಚೇಚಿ, ಇದನ್ನೊಂದು," ಎಂದ, ಆಯಾಳನ್ನು ಅಕ್ಕ ಎಂದು ಕರೆಯುವ ಹಾಗೆ. ಅವಳು ತೆಗೆದುಕೊಂಡಳು. ಕೆಮಿಸ್ಟ್ ಎಂದು ಹೇಳುವುದಕ್ಕೆ ಕಪ್ಪು ಹಿಡಿದ ಮೇಲೆ ಸಮಯವಿರಲಿಲ್ಲ. ಕಪ್ಪಿನ ತಳದಲ್ಲಿ ಉಳಿದ ಸಕ್ಕರೆಯನ್ನು ನೋಡುತ್ತ, ಕಸದ ಬುಟ್ಟಿ ಎಲ್ಲಿದೆ ಎಂದು ಹುಡುಕುತ್ತಿದ್ದಾಗ ಇನ್ನೊಬ್ಬ ಹುಡುಗ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಅವನ ಕಣ್ಣು ಡಬ್ಬಿಯ ಮೇಲೆ ಅವಳು ಕನ್ನಡದಲ್ಲಿ ಬರೆದುಕೊಂಡಿದ್ದ ಅಂಕಿಯ ಮೇಲಿತ್ತು. "ಕನ್ನಡದಾವ್ರೇನ್ರಿ ಮೇಡಂ? ಭಾಳ ಛಲೋ ಆತು ನೋಡ್ರಿ. ನಾ ಯಶವಂತ್, ಧಾರವಾಡದಾಂವ. ಇಲ್ಲಿ ಬಂದಾಗಿಂದ ಬಾಯಾಗಿನ ಕನ್ನಡಾ ತುಕ್ಕ ಹಿಡದದ." ಅವಳು ನಕ್ಕಳು. ಕಪ್ಪು ಹಿಡಿದ ಅವನ ಬೆರಳುಗಳು ಸಣ್ಣಗೆ ನಡುಗುತ್ತಿದ್ದುದನ್ನು ಅವಳು ಆಗಲೇ ನೋಡಿಬಿಟ್ಟಿದ್ದಳು. ನೋಡಬಾರದ್ದನ್ನು ಮೊದಲು ನೋಡುವುದು ಅವಳ ಕಣ್ಣಿನ ರೋಗ. ಇವನೊಬ್ಬನಿಗೆ ಏಳನೆಯದು ಸಿಗದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಅದು ಸಿಕ್ಕಿದ್ದು ಋತ್ವಿಕ್‌ಗೆ. ಪರದೆಯ ಮೇಲೆ ತನ್ನ ತಲೆಯ ಒಳಗು ಬಾಗಿಲಿನಷ್ಟು ದೊಡ್ಡದಾಗಿ ಕಾಣಿಸಿತು. ತಾನೇ ಹದ ಮಾಡಿದ ನಸುಗುಲಾಬಿ ಮಡಿಕೆಗಳನ್ನು ಅವನ ಉಪಕರಣಗಳು ಸರಿಸಿಕೊಂಡು ಹೋದವು. ಮಂದಾಕಿನಿ ಗೋಡೆಗೆ ಒತ್ತಿ ನಿಂತಿದ್ದಳು. ತಲೆಯೊಳಗೆ ಏನೂ ಆಗಲಿಲ್ಲ, ಆದರೆ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿದ್ದವು. ಗುಳ್ಳೆ ಕಾಣಿಸಿತು, ಮಿಡಿಯುತ್ತಿತ್ತು. ಋತ್ವಿಕ್ ಅದನ್ನು ಎರಡು ಸಲ ಎಡವಿದ, ಒಮ್ಮೆ ಒತ್ತರಿಸಿದ, ಆಮೇಲೆ ಕ್ಲಿಪ್ಪು ಹಾಕಿದ. ಒಡೆಯಲಿಲ್ಲ. ಸುತ್ತಲಿದ್ದವರು ಮೇಜು ತಟ್ಟಿದರು. ಉಳಿದೆ, ಎಂದುಕೊಂಡಳು ಮಂದಾಕಿನಿ. ಉಳಿದೆ ಎಂಬುದು ಸುಳ್ಳೆಂದು ಗೊತ್ತಿದ್ದೂ ಎದೆ ಹಗುರಾಗಲು ಹೊರಟಿತ್ತು. ಅಷ್ಟರಲ್ಲಿ ಕಾರ್ಯಾಗಾರ ನಡೆಸುತ್ತಿದ್ದ ದಾಮೋದರನ್ ಕುರ್ಚಿ ಎಳೆದುಕೊಂಡು ಕೂತರು. ನಿವೃತ್ತಿಗೆ ಹತ್ತಿರವಾದ, ಗಿಡ್ಡ ಮನುಷ್ಯ. ಮಲಯಾಳಕ್ಕೆ ಇಂಗ್ಲಿಷು ಬೆರೆಸಿ ಮೆಲ್ಲಗೆ ಮಾತಾಡುವವರು. ಉಪಕರಣದ ತುದಿಯಿಂದ ಗುಳ್ಳೆಯ ನೆತ್ತಿಯನ್ನು ಒಮ್ಮೆ, ಎರಡನೆಯ ಸಲ ಮುಟ್ಟಿದರು.

"ಈ ತಲೆ ಸುಳ್ಳು ಹೇಳುತ್ತಿದೆ," ಎಂದರು. "ಯಾರು ಮಾಡಿದ್ದು?"

ಮಂದಾಕಿನಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನೀವೇ? ನಿಮ್ಮ ಮಿದುಳು ಮುಟ್ಟಿದರೆ ನನಗೆ ನಿಜವಾದ ಮಿದುಳಿನ ಹಾಗೇ ಆಗುತ್ತದೆ. ಇದಕ್ಕೇನಾಯಿತು? ಈ ಗುಳ್ಳೆಗೆ ರೇನ್‌ಕೋಟ್ ತೊಡಿಸಿದ್ದೀರಿ." ಹುಡುಗರು ನಕ್ಕರು. ದಾಮೋದರನ್ ನಗಲಿಲ್ಲ. "ಋತ್ವಿಕ್ ಮಾಡಿದ್ದಕ್ಕೆ ನಿಜವಾದದ್ದು ಮೊದಲನೇ ಸಲವೇ ಒಡೆಯುತ್ತಿತ್ತು. ಈಗ ಅವನಿಗೆ ತನ್ನ ಕೈ ಒಳ್ಳೆಯದು ಎನ್ನಿಸಿದೆ. ಮುಂದಿನ ವರ್ಷ ಇದೇ ಕೈಯನ್ನು ಯಾರದ್ದೋ ಅಮ್ಮನ ತಲೆಗೆ ಹಾಕುತ್ತಾನೆ. ಕರುಣೆ ತೋರಿಸಬೇಡಿ ಮೇಡಂ, ಇಲ್ಲಿ ಅದರಿಂದ ಜನ ಸಾಯುತ್ತಾರೆ."

ಕಿವಿಯ ತುದಿ ಬಿಸಿಯಾಯಿತು. ಇಷ್ಟು ಜನರೆದುರು, ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹಾಗೆ. ಕ್ಷಮಿಸಿ, ಬ್ಯಾಚು ಸರಿಬರಲಿಲ್ಲ, ಎಂದು ಹೇಳಿ ಮುಗಿಸಬಹುದಿತ್ತು. ವಾಕ್ಯ ಇಂಗ್ಲಿಷಿನಲ್ಲಿ ತಯಾರಾಗಿ ನಾಲಿಗೆಯ ಮೇಲೆ ಕೂತೂ ಇತ್ತು. ಆದರೆ ಯಾರದ್ದೋ ಅಮ್ಮ ಎಂದರಲ್ಲ. ಅವಳ ಕಣ್ಣಿಗೆ ಅನಸೂಯಾಳ ಎರಡು ಗಂಡುಮಕ್ಕಳು ಕಾಣಿಸಿದರು, ನಡುಮನೆಯಲ್ಲಿ ಮೊಬೈಲು ಹಿಡಿದು ಕೂತು, ಕಣ್ಣೆತ್ತದೆ, ಮಾತ್ರೆ ತಗೋ ಅಮ್ಮ, ಎನ್ನುವುದು ಕೇಳಿಸಿತು. "ಇನ್ನೊಂದು ಇದೆ ಸರ್," ಎಂದಳು. "ಅದೇ ಕೇಸು. ಅದು ಸರಿಯಾಗಿದೆ."

"ಮತ್ತೆ ಅದನ್ನೇಕೆ ಡಬ್ಬಿಯಲ್ಲಿಟ್ಟಿರಿ?"

ಮಂದಾಕಿನಿ ಐಸಿನ ಚೀಲಗಳನ್ನು ಸರಿಸಿ ಅದನ್ನು ಎತ್ತಿಕೊಂಡಳು. ದಾರ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು. ಪಂಪು ಜೋಡಿಸಿದಳು. ದಾಮೋದರನ್ ಯಶವಂತನನ್ನೇ ಕರೆದರು.

ಯಶವಂತ್ ನಿಧಾನ ಮಾಡಿದ. ಋತ್ವಿಕ್ ಸರಸರನೆ ದಾಟಿದ ದಾರಿಯನ್ನು ಇವನು ಕತ್ತಲಲ್ಲಿ ಮೆಟ್ಟಿಲು ಇಳಿಯುವವನ ಹಾಗೆ ತಡವಿಕೊಂಡು ಹೋದ. ಗುಳ್ಳೆ ಕಾಣಿಸಿತು. ಅದು ಎಷ್ಟು ತೆಳ್ಳಗಿತ್ತೆಂದರೆ ಒಳಗಿನ ಕೆಂಪು ಸುತ್ತುತ್ತಿರುವುದು ಕಾಣುತ್ತಿತ್ತು. ಮಂದಾಕಿನಿ ತನ್ನ ಸಾವನ್ನು ಇಷ್ಟು ಚೆಲುವಾಗಿ ಮಾಡಿದವಳು ತಾನೇ ಎಂದು ನೋಡುತ್ತ ನಿಂತಳು. ಅವನು ಕುತ್ತಿಗೆಯ ಸುತ್ತ ಬಿಡಿಸುತ್ತಿದ್ದಾಗ, ಉಪಕರಣ ತಾಗಿತೋ ಇಲ್ಲವೋ, ಪರದೆ ಇಡೀ ಕೆಂಪಾಯಿತು.

ಅಲ್ಲಿ ಇನ್ನೇನೂ ಕಾಣುತ್ತಿರಲಿಲ್ಲ. ಪಂಪಿನ ಟಕಟಕ ಮಾತ್ರ. ಮಂದಾಕಿನಿಗೆ ಸುಟ್ಟ ಬೆಲ್ಲದ ವಾಸನೆ ಬಂದಂತಾಯಿತು. ಸಿಲಿಕೋನಿಗೆ ಅಂಥ ವಾಸನೆಯಿಲ್ಲ. ದಾಮೋದರನ್ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡರು. "ಓಡಬೇಡ," ಎಂದರು ಮೆಲ್ಲಗೆ. "ಎಲ್ಲರೂ ಇಲ್ಲಿ ಓಡುತ್ತಾರೆ. ನೀನು ಇಲ್ಲೇ ಇರು. ಹೀರು. ಮೊದಲು ಬುಡ ಹುಡುಕು, ಆಮೇಲೆ ಗುಳ್ಳೆ." ಯಶವಂತನ ಬಾಯಿಂದ "ಯಪ್ಪಾ" ಎಂಬ ಸದ್ದು ಹೊರಟಿತು. ಹೀರುವ ನಳಿಗೆ ಕೆಂಪಿನೊಳಗೆ ಹೋಯಿತು, ಸ್ವಲ್ಪ ತಿಳಿಯಾಯಿತು, ಮತ್ತೆ ಮುಚ್ಚಿತು, ಮತ್ತೆ ತಿಳಿಯಾಯಿತು. ಅವನು ಕೆಳಗಿನ ನಾಳಕ್ಕೆ ತಾತ್ಕಾಲಿಕವಾಗಿ ಒಂದು ಕ್ಲಿಪ್ಪು ಹಾಕಿದ. ಹರಿವು ಬಡವಾಯಿತು. ಆಮೇಲೆ ಗುಳ್ಳೆಯ ಕುತ್ತಿಗೆಗೆ ಎರಡನೆಯದು. ಮೊದಲಿನದನ್ನು ತೆಗೆದ ಮೇಲೂ ಕೆಂಪು ಬರಲಿಲ್ಲ. ಆಶ್ಚರ್ಯವೆಂದರೆ ಅವನ ಕೈಯ ನಡುಕ ನಿಂತುಹೋಗಿತ್ತು.

ದಾಮೋದರನ್ ಬಗ್ಗಿ ನೋಡಿದರು. "ಬದುಕುತ್ತಾರೆ," ಎಂದರು. "ಆದರೆ ಇಲ್ಲಿ ನೋಡು, ಕ್ಲಿಪ್ಪಿನ ಬಾಯಿಗೆ ಒಂದು ಸಣ್ಣ ಕವಲು ಸಿಕ್ಕಿಕೊಂಡಿದೆ. ಎದ್ದು ಕೂರುತ್ತಾರೆ, ನಡೆಯುತ್ತಾರೆ, ಊಟ ಮಾಡುತ್ತಾರೆ. ಕೆಲವು ಹೆಸರುಗಳು ಮಾತ್ರ ಹೋಗಿರುತ್ತವೆ. ತೆಗೆದು ಮತ್ತೆ ಹಾಕು." ಯಶವಂತ್ ತೆಗೆದು ಮತ್ತೆ ಹಾಕಿದ. ಈ ಸಲ ಸರಿ ಎಂದರೋ, ಪರವಾಗಿಲ್ಲ ಎಂದರೋ, ಮಂದಾಕಿನಿಗೆ ಕೇಳಿಸಲಿಲ್ಲ. ಯಾವ ಹೆಸರುಗಳು ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಹೋದರೆ ನಷ್ಟವಾಗುವಂಥ ಹೆಸರುಗಳನ್ನು ಹುಡುಕಿದಳು. ಕಲೂರಿನ ಮೆಟ್ಟಿಲಲ್ಲಿ ಎದುರಾಗುವವರು, ಆಫೀಸಿನವರು, ಕೆಲವು ಸಹಪಾಠಿಗಳು. ಎಲ್ಲ ಒಂದೊಂದಾಗಿ ಸಲೀಸಾಗಿ ಅಳಿಸಿಹೋದವು, ಮೌಸಿನಿಂದ ಒರೆಸಿದ ಹಾಗೆ. ಕೊನೆಗೆ ಒಂದು ಹೆಸರು ಉಳಿಯಿತು. ಅದು ಬೆಳಗಿನಿಂದ ತಲೆನೋವೆಂದು ಮೈಸೂರಿನಲ್ಲಿ ಕೂತಿತ್ತು.

ಎಲ್ಲರೂ ಊಟಕ್ಕೆ ಹೊರಟಾಗ ದಾಮೋದರನ್ ಅವಳ ಹತ್ತಿರ ನಿಂತರು. "ಇದು ನಿಜ," ಎಂದರು. "ಇದರ ರೋಗಿಗೆ ಏನಾಯಿತು? ಆಪರೇಷನ್ ಆಯಿತೆ?"

"ಇನ್ನೂ ಇಲ್ಲ ಸರ್."

"ಯಾಕೆ? ಯಾರಿಗಾಗಿ ಕಾಯುತ್ತಿದ್ದಾರೆ?"

ಮಂದಾಕಿನಿ ಪಂಪಿನ ನಳಿಗೆಯನ್ನು ಸುತ್ತುತ್ತಲೇ ಇದ್ದಳು. "ಗೊತ್ತಿಲ್ಲ."

"ಮನೆಯವರಿಗೆ ತಿಳಿದಿರಬೇಕಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅವರು ಹೋದರು. ಬಾಗಿಲಲ್ಲಿ ಯಶವಂತ್ ನಿಂತಿದ್ದ, ಮುಖ ತೊಳೆದುಕೊಂಡು ಬಂದವನು. "ಮೇಡಂ, ಒಡದ ಬಿಟ್ಟೆನಲ್ರಿ," ಎಂದ. "ಪಾಪ, ಯಾರದೋ ಏನೋ." ಅವಳು ಏನಾದರೂ ಹೇಳಲೇಬೇಕಿತ್ತು. "ಊಟ ಮಾಡಿ ಹೋಗಿ. ಒಡೆದ ಮೇಲೂ ಹಿಡಿದ್ರಲ್ಲ," ಎಂದಳು. "ಹಂಗಂತೀರಿ?" ಎಂದು ಅವನು ಊಟಕ್ಕೆ ಹೋದ.

ಬಳಸಿದ ತಲೆಯನ್ನು ಅಲ್ಲೇ ಕೊಯ್ದು, ಗೋಡೆಯ ದಪ್ಪ ಅಳೆದು, ಚೂರುಗಳನ್ನು ಚೀಲಕ್ಕೆ ಹಾಕುವುದು ಕಂಪನಿಯ ಪದ್ಧತಿ. ಅವಳು ಉಳಿದವನ್ನೆಲ್ಲ ಕೊಯ್ದಳು. ದಾರದ್ದನ್ನು ನೀರಿನಲ್ಲಿ ತೊಳೆದು, ಕೆಂಪು ಹೋಗುವವರೆಗೆ ತೊಳೆದು, ಕ್ಲಿಪ್ಪನ್ನು ಹಾಗೇ ಬಿಟ್ಟು ಡಬ್ಬಿಯಲ್ಲಿಟ್ಟಳು. ಕೆಳಗಿಳಿದಾಗ ಹೊರರೋಗಿಗಳ ಸಾಲು ಒಳಗಿನ ಬೆಂಚುಗಳಿಗೆ ಬಂದಿತ್ತು. ಗೇಟು ನೇರಕ್ಕಿತ್ತು. ರೈಲಿಗೆ ಇನ್ನೂ ಸಮಯವಿತ್ತು. ಅವಳು ಬೆಂಚಿನ ಖಾಲಿ ತುದಿಯಲ್ಲಿ ಕೂತು ಡಬ್ಬಿಯನ್ನು ತೊಡೆಗೇರಿಸಿಕೊಂಡಳು.

ಪಕ್ಕದಲ್ಲಿ ಬಿಳಿ ಮುಂಡಿನ ಮುದುಕಿ. ಮಗನೋ ಅಳಿಯನೋ ಔಷಧಿಗೆ ಹೋದವನನ್ನು ಕಾಯುತ್ತಿದ್ದಳು. ಡಬ್ಬಿ ನೋಡಿದಳು, ಮಂದಾಕಿನಿಯನ್ನು ನೋಡಿದಳು. ಆಸ್ಪತ್ರೆಗೆ ಇದನ್ನೇಕೆ ತಂದಳಪ್ಪ ಎಂಬ ಅನುಮಾನದಲ್ಲಿ, "ಮೀನಾಣೋ ಮೋಳೆ?" ಎಂದಳು, ಮೀನೇ ಮಗಳೆ, ಎಂದು.

"ಅಲ್ಲ ಅಮ್ಮಚ್ಚಿ," ಎಂದಳು ಮಂದಾಕಿನಿ. ಆಮೇಲೆ ಬೇಕಾದ ಮಲಯಾಳ ಪದಗಳನ್ನು ಒಂದೊಂದಾಗಿ ಆರಿಸಿ, "ಎಂಡೆ ತಲ," ಎಂದಳು. ನನ್ನ ತಲೆ.

ಮುದುಕಿಗೆ ಕಿವಿ ಮಂದವೇನೂ ಇರಲಿಲ್ಲ. ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು, ಹುಚ್ಚಿಯ ಮುಖ ಹೀಗಿರುತ್ತದೆಯೇ ಎಂದು ಹೋಲಿಸುವವಳ ಹಾಗೆ. ಮಂದಾಕಿನಿ ಡಬ್ಬಿಯ ಮುಚ್ಚಳ ತೆರೆದು, ಬುರುಡೆಯ ಮೇಲಿನ ಚಿಪ್ಪನ್ನೂ ಕಳಚಿದಳು. ಇದನ್ನು ನಾನು ಮಾಡಿದೆ. ಒಳಗೆ ಹೀಗೇ ಇದೆ. ಇಲ್ಲಿ, ಈ ಕ್ಲಿಪ್ಪಿರುವ ಕಡೆ, ನನಗೆ ಒಂದು ರೋಗವಿದೆ. ನನ್ನ ಅಮ್ಮನಿಗೂ ಇತ್ತು. ವ್ಯಾಕರಣವಿಲ್ಲದ ವಾಕ್ಯಗಳು, ಒಂದಕ್ಕೊಂದು ಅಂಟದವು. ಮುದುಕಿ ಕನ್ನಡಕ ಏರಿಸಿ ಇಣುಕಿದಳು. ಕೇಳದೆಯೇ ಕೈ ಹಾಕಿದಳು. ನರಗಳೆದ್ದ ಒರಟು ಬೆರಳುಗಳು ಆ ಮಡಿಕೆಗಳ ಮೇಲೆ ಒಮ್ಮೆ, ಎಣ್ಣೆ ಹಚ್ಚುವವರ ಹಾಗೆ, ಮುಂದಿನಿಂದ ಹಿಂದಕ್ಕೆ ಸವರಿದವು. "ಅಯ್ಯೋ, ಎಷ್ಟು ತಣ್ಣಗಿದೆ ಮಗಳೆ," ಎಂದು ತನ್ನ ಮಾತಿನಲ್ಲಿ ಹೇಳಿ, ಮತ್ತೊಮ್ಮೆ ಸವರಿ, ಕೈಯನ್ನು ಅಲ್ಲೇ ಇಟ್ಟುಕೊಂಡಳು. ಕಾಯಿಸುವವಳ ಹಾಗೆ. ಮಂದಾಕಿನಿ ಅಲುಗಾಡಲಿಲ್ಲ.

ಫೋನು ನಡುಗಿದಾಗ ಸಂಜೆಯಿನ್ನೂ ಆಗಿರಲಿಲ್ಲ; ಅನಸೂಯಾ ಈ ಹೊತ್ತಿಗೆ ಮಾಡುವವಳಲ್ಲ.

"ಅಕ್ಕ, ಮಾತ್ರೆ ತಗೊಂಡೆ, ಏನೂ ಕಮ್ಮಿ ಆಗ್ಲಿಲ್ಲ. ಸುಮ್ನೆ ಮಾಡ್ದೆ. ರೈಲಲ್ಲಿದ್ದೀಯಾ? ಅದೇನು ಅಷ್ಟೊಂದು ಗಲಾಟೆ?"

"ಆಸ್ಪತ್ರೇಲಿದ್ದೀನಿ."

"ಗೊತ್ತು, ನಿನ್ನ ಬೊಂಬೆ ತಲೆಗಳ ಕೆಲಸ. ಇರು, ಸಾರು ಉಕ್ತಾ ಇದೆ—"

"ಅನು," ಎಂದಳು ಮಂದಾಕಿನಿ. ಮುದುಕಿಯ ಕೈ ಇನ್ನೂ ಡಬ್ಬಿಯೊಳಗೇ ಇತ್ತು. "ಮೊದಲು ಒಲೆ ಆರಿಸು. ಆರಿಸಿ ಬಂದು ಕೂತ್ಕೋ. ನಾನು ಫೋನ್ ಹಿಡ್ಕೊಂಡಿರ್ತೀನಿ."

ಆ ಕಡೆ ಚಪ್ಪಲಿಯ ಸದ್ದು, ಒಲೆಯ ಗುಂಡಿ ತಿರುಗಿದ ಚಿಕ್ಕ ಕಟಕ್ಕು, ಕುರ್ಚಿಯೊಂದನ್ನು ಎಳೆದ ಸದ್ದು ಕೇಳಿಸಿತು.